ಕಾಕಾ ಹುಡುಕಿದ ಹೊಳೆ

ದೇವದುರ್ಗದ ನಮ್ಮ ಮನೆಗೆ ಸುಣ್ಣ ಬಳಿಸುವಾಗ, ನುಸಿಗುಳಿಗೆ ವಾಸನೆಯ ಹಳೆಯ ಟ್ರಂಕಿನ ತಳದಲ್ಲಿ ಕೆಂಪು ಪ್ಲಾಸ್ಟಿಕ್ಕಿನ ವಿಡಿಯೋ ಗೇಮ್ ಕ್ಯಾಸೆಟ್ ಸಿಕ್ಕಿತು. ಮೇಲೆ ಜಪಾನಿ ಅಕ್ಷರ. ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ...

ಎಂಬತ್ತರ ದಶಕದ ಕೊನೆ. ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಕೊಲ್ಲಿ ದೇಶಕ್ಕೆ ಲಾರಿ ಓಡಿಸಲು ಹೋಗಿದ್ದರು. ರಕ್ತಸಂಬಂಧವಲ್ಲ, ಓಣಿಯ ಸಂಬಂಧ. ಗೂಗಲ್ ಎಂಬ ಹಳ್ಳಿಯ ಹೊಳೆದಂಡೆಯಲ್ಲಿ ಬೆಳೆದ ಮನುಷ್ಯ, ಆ ಮರಳಿನಲ್ಲಿ ಹೇಗಿದ್ದರೋ. ಮೊದಲ ವರ್ಷ ಆರು ವರ್ಷದ ಮಗಳಿಗೆ ಗೇಮ್ ಮಷಿನ್ ಕಳಿಸಿದರು. ಆಮೇಲೆ ಊರಿಗೆ ಬಂದ ಮಾನ್ವಿಯವರೊಬ್ಬರ ಕೈಯಲ್ಲಿ ಈ ಕ್ಯಾಸೆಟ್ ಬಂತು, ಜೊತೆಗೊಂದು ಚೀಟಿ: ‘ಇದ ಆಟ ನಾನೂ ಇಲ್ಲಿ ಖೋಲ್ಯಾಗ ಆಡ್ತೀನಿ. ಎಲ್ಲಿತನ ಬಂದಿ ಅಂತ ಬರಿ ಮಗಳ, ನಾನೂ ಬರಿತೀನಿ.’

ಕ್ಯಾಸೆಟ್ ಮಷಿನ್ನಿನಲ್ಲಿ ಕೂರಲೇ ಇಲ್ಲ. ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರದ ಟಿ.ವಿ. ರಿಪೇರಿಯವನಿಗೆ ನಾನೇ ಒಯ್ದು ತೋರಿಸಿದೆ. ‘ಕಂಪನಿ ಒಂದ ಅದ ಖರೆ. ಆದ್ರ ಇದು ಜಪಾನದಾಗ ಮಾರೂದು, ನಿಮ್ಮ ಮಷಿನ್ ಬ್ಯಾರೆ ದೇಶದ್ದು. ಒಂದರದ್ದು ಒಂದಕ್ಕ ಕೂಡಂಗಿಲ್ಲ’ ಎಂದ.

ಕಾಕಾರ ಹೆಂಡತಿ, ನಮ್ಮ ಚಿಗವ್ವ, ಕೇಳಿ ಮುಖ ಸಣ್ಣ ಮಾಡಿದರು. ‘ಅವರಿಗಿ ಬರಿಬ್ಯಾಡವ್ವಾ. ಒಬ್ಬರ ಅದಾರ ಅಲ್ಲಿ. ಕೂಸಿನ ಜೋಡಿ ಆಡಾಕತ್ತೀನಿ ಅಂತ ತಿಳಕೊಂಡರ ಅಷ್ಟರ ಜೀವ ಹಗರ ಆಗ್ತದ.’ ಕೂಸು ಕಂಡರೆ ಹಟ ಹಿಡಿದೀತೆಂದು ಕ್ಯಾಸೆಟ್ ನನ್ನ ಹತ್ತಿರವೇ ಉಳಿಯಿತು.

ಚಿಗವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಪತ್ರಗಳನ್ನೆಲ್ಲ ಬರೆಯುತ್ತಿದ್ದವಳು ನಾನು. ಆಗ ಟೀಚರ್ ಟ್ರೈನಿಂಗ್ ಓದುತ್ತಿದ್ದೆ, ಹುರುಪಿಗೇನು ಕಡಿಮೆ! ಮಗಳ ಹೆಸರಿನಲ್ಲಿ ಕೋಟೆ ಹತ್ತಿದೆ, ಹಾವು ಕೊಂದೆ ಎಂದೆಲ್ಲ ಬರೆದೆ... ಆಟವನ್ನು ಕಣ್ಣಿಂದ ಕಂಡವಳಲ್ಲ, ಸುಳ್ಳಿಗೆ ಮಾತ್ರ ಕೈ ಪಳಗಿತು. ಒಮ್ಮೆ ಏನೂ ತೋಚದೆ, ಹರಿಗೋಲಿನಲ್ಲಿ ಕೂತು ಹೊಳೆ ದಾಟಿದೆನೆಂದು ಗೀಚಿ ಕಳಿಸಿದೆ.

ಕಾಕಾರ ಉತ್ತರ ಬಂತು: ‘ಹನ್ನೊಂದು ದಿನ ಆತು ಮಗಳ, ಡ್ಯೂಟಿ ಮುಗಿಸಿ ಬಂದು ಹುಡುಕಾಕತ್ತೀನಿ. ಹೊಳಿ ಸಿಗವಲ್ದು. ಎಲ್ಲಿ ಅದ ಅಂತ ಹೇಳಬ್ಯಾಡ. ಯುಗಾದಿಗಿ ಬರ್ತೀನಿ, ಬಾಜೂಕ ಕೂತು ನೀನ ತೋರಸು.’

ಓದುತ್ತಲೇ ಅಳು ಬಂತು. ನಿಜ ಬರೆದುಬಿಡುತ್ತೇನೆಂದೆ. ‘ಬರ್ತಾರಲ್ಲ, ಎದುರಿಗೇ ಹೇಳೂನು’ ಎಂದರು ಚಿಗವ್ವ. ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು, ಅಲ್ಲಿ ಲಾರಿ ಉರುಳಿತು. ಮಣ್ಣೂ ಅಲ್ಲೇ ಆಯಿತು. ನಮಗೆ ಮುಖ ಸಹ ಸಿಗಲಿಲ್ಲ...

ಚಿಗವ್ವನೂ ಈಗ ಇಲ್ಲ. ಮಗಳು ಮಾನ್ವಿಯಲ್ಲಿ ಟೀಚರು. ಅಪ್ಪನ ಆ ಕೊನೆಯ ಪತ್ರ ಅವಳ ಹತ್ತಿರವಿದೆ. ಯಾವ ಹೊಳೆಯ ಮಾತೆಂದು ಅವಳಿಗೆ ಎಂದೂ ತಿಳಿದಿರಲಿಲ್ಲವಂತೆ. ಮೊನ್ನೆ ಫೋನು ಮಾಡಿ, ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿಬಿಟ್ಟೆ. ಬೈದಾಳೆಂದು ಕಾದೆ. ಅವಳು ಬೈಯಲಿಲ್ಲ.

‘ಅಕ್ಕಾ, ಹನ್ನೊಂದು ದಿನದ ಮ್ಯಾಲ ಅಪ್ಪ ಹುಡುಕೂದು ಬಿಟ್ಟಿದ್ನೇನು?’ ಎಂದು ಕೇಳಿದಳು.