ಗೈದರ್ಸ್‌ಬರ್ಗ್‌ನ ರಾಣಿತಾಯಿ

ತೊಂಬತ್ತರ ದಶಕದಲ್ಲಿ ನಾನು ಅಮೆರಿಕದ ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್‌ನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಪಕ್ಕದ ಬೆಂಚಿನಲ್ಲಿದ್ದವರು ಘಾನಾ ದೇಶದ ಹೆಂಗಸು, ನನಗಿಂತ ಹಿರಿಯರು. ಕೆಲಸ ಕಲಿಸಿಕೊಟ್ಟವರೂ ಅವರೇ. ಒಮ್ಮೆ, ಊರಲ್ಲಿ ಅಂಕಲ್ ತೀರಿಕೊಂಡರೆಂದು ರಜೆ ಹಾಕಿ ಹೋಗಿಬಂದರು. ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬಂದು, ಅಂಕಲ್ ಮನೆ ಈಗ ತನ್ನ ತಮ್ಮನ ಪಾಲಿಗೆ ಬಂತು ಎಂದರು.

"ಅವರಿಗೆ ಮಕ್ಕಳಿರಲಿಲ್ವಾ?" ಯಾರೋ ಕೇಳಿದರು.

"ಇದ್ದಾರಲ್ಲ, ನಾಲ್ಕು ಜನ."

ಮೇಜಿನ ಸುತ್ತ ಕೂತವರು ಮುಖ ಮುಖ ನೋಡಿಕೊಂಡರು. ನಾನು ಮಾತ್ರ, "ಅಮ್ಮನ ಕಡೆ ಅಂಕಲ್ಲಾ?" ಎಂದೆ.

ಅವರು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದರು. "ನಿನಗೆ ಹೇಗೆ ಗೊತ್ತಾಯ್ತು?"

"ನಮ್ಮನೇಲೂ ಹಾಗೇ ಇತ್ತು."

ನಾನು ಕಾರ್ಕಳದ ಕಡೆಯವಳು. ನಮ್ಮದು ಅಳಿಯಸಂತಾನದ ಮನೆ. ಹುಟ್ಟಿದ ಮಗು ತಾಯಿಯ ಬಳಿಗೆ, ಎಂದರೆ ತಾಯಿಯ ಕುಲಕ್ಕೆ, ಸೇರುತ್ತದೆ. ಗದ್ದೆ ತೋಟ ನೋಡಿಕೊಳ್ಳುತ್ತಿದ್ದವನು ಅಮ್ಮನ ಅಣ್ಣ, ಅವನ ನಂತರ ಅವನ ಅಳಿಯ, ಎಂದರೆ ಅಕ್ಕತಂಗಿಯರ ಮಗ. ಕಾನೂನು ಬದಲಾಗಿ ಆಸ್ತಿಯೆಲ್ಲ ಪಾಲಾಯಿತು, ಬಳಿಯ ಹೆಸರು ಉಳಿಯಿತು. ಇದನ್ನು ಅಮೆರಿಕದಲ್ಲಿ ಯಾರಿಗಾದರೂ ವಿವರಿಸುವ ಪ್ರಸಂಗ ಬರುತ್ತದೆಂದು ನಾನು ಎಣಿಸಿರಲಿಲ್ಲ. ಅವರು ಒಂದನ್ನೂ ಎರಡು ಸಲ ಕೇಳಲಿಲ್ಲ. ನಾನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ಅವರೇ ಹೇಳಿಬಿಡುತ್ತಿದ್ದರು. ಘಾನಾದೊಳಗೆ ಅವರದೊಂದು ಹಳೆಯ ರಾಜ್ಯ, ಅಸಾಂಟೆ. ಅದಕ್ಕೆ ಈಗಲೂ ಒಬ್ಬ ರಾಜ ಇದ್ದಾನೆ, ಒಬ್ಬ ರಾಣಿತಾಯಿಯೂ ಇದ್ದಾಳೆ. ರಾಣಿತಾಯಿ ಎಂದರೆ ರಾಜನ ಹೆಂಡತಿಯಲ್ಲ, ಅವನ ತಾಯಿಯೋ ಅಕ್ಕನೋ ಅಥವಾ ಅದೇ ಕುಲದ ಇನ್ನೊಬ್ಬ ಹೆಂಗಸು. ಮುಂದಿನ ರಾಜನ ಹೆಸರನ್ನು ಸೂಚಿಸುವವಳು ಅವಳು.

ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಮೈಸೂರಿನವರಾದ ನನ್ನ ಗಂಡ, "ಅಶಾಂತಿ ರಾಜ್ಯಾನಾ? ಅಂಥ ಹೆಸರು ಯಾರಾದ್ರೂ ಇಟ್ಕೋತಾರೇನೇ?" ಎಂದು ನಕ್ಕರು. ಮಗಳು ಹೋಮ್‌ವರ್ಕ್ ಬಿಟ್ಟು ಕೇಳಿಸಿಕೊಳ್ಳುತ್ತಿದ್ದಳು. "ಸೋ, ಅಮ್ಮಾ, ನಾನು ನಿಂದಾ, ಡ್ಯಾಡಿದಾ?"

"ನಂದು," ಎಂದೆ.

"ಏಯ್, ಗೋತ್ರ ನಂದು!" ಎಂದರು ಇವರು.

ಒಂದು ಶನಿವಾರ ಲ್ಯಾಬಿನ ಆ ಹಿರಿಯರ ಮನೆಗೆ ಹೋಗಿದ್ದೆ. ಗೋಡೆಯ ಬಳಿ ಕೆತ್ತನೆಯ ಮರದ ಪೀಠವೊಂದು ಬಿದ್ದುಕೊಂಡಿತ್ತು. ಎತ್ತಿ ನಿಲ್ಲಿಸಲು ಬಗ್ಗಿದೆ.

"ಬಿಡು ಬಿಡು, ಬಿದ್ದಿಲ್ಲ ಅದು. ನಾನೇ ಮಲಗಿಸಿದ್ದು. ನಾನು ಕೂತಿಲ್ಲದಾಗ ಬೇರೆ ಯಾವ ಆತ್ಮವೂ ಬಂದು ಕೂರಬಾರದು."

ಚಹಾ ಕುಡಿಯುತ್ತಾ ಸುದ್ದಿ ಹೇಳಿದರು. ವಾಷಿಂಗ್ಟನ್ ಸುತ್ತಮುತ್ತಲಿನ ಅಸಾಂಟೆ ಜನ ಊರಿನ ಪದ್ಧತಿಯಂತೆ ಇಲ್ಲಿಯೂ ಒಬ್ಬ ಮುಖ್ಯಸ್ಥನನ್ನೂ ರಾಣಿತಾಯಿಯನ್ನೂ ಇಟ್ಟುಕೊಂಡಿದ್ದರು. ಈ ಸಲ ರಾಣಿತಾಯಿಯಾಗಿ ಇವರನ್ನು ಆರಿಸಿದ್ದರು. ಸಂತೋಷದ ವಿಷಯವೇ, ಆದರೆ ಅವರಿಗೆ ಒಂದು ಚಿಂತೆ. ಅವರಿಗಿದ್ದವರು ಮೂವರೂ ಗಂಡುಮಕ್ಕಳು. ಮೊಮ್ಮಕ್ಕಳು ಸೊಸೆಯರ ಕುಲಕ್ಕೆ ಸೇರುತ್ತಾರೆ. ತೀರಿಕೊಂಡ ತಂಗಿಗೆ ಒಬ್ಬಳೇ ಮಗಳು; ಕುಲ ಮುಂದುವರಿಯಬೇಕಾದರೆ ಅವಳಿಂದ. ಅವಳು ನಾರ್ತ್ ಕೆರೊಲಿನಾದ ಏಪೆಕ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದಳು. ಸಮಾರಂಭದ ದಿನ ಅವಳು ತನ್ನ ಪಕ್ಕ ಕೂರಬೇಕೆಂದು ಇವರಿಗೆ ಆಸೆ, ಅವಳಿಗೆ ಮನಸ್ಸಿಲ್ಲ.

"ಡ್ರೈವ್ ಮಾಡಿಕೊಂಡು ಹೋಗಿ ಕೇಳ್ತೀನಿ. ನೀನೂ ಬಾ."

ವರ್ಜೀನಿಯಾ ದಾಟಿ ಏಪೆಕ್ಸ್ ತಲುಪುವಾಗ ಮಧ್ಯಾಹ್ನವಾಗಿತ್ತು. ಹುಡುಗಿ ಅವರನ್ನು 'ಮಾಮ್' ಎಂದು ಕರೆದು ತಬ್ಬಿಕೊಂಡಳು. ಅವರಲ್ಲಿ ತಾಯಿಯ ಅಕ್ಕನೂ ತಾಯಿಯೇ. ನಮ್ಮ ದೊಡ್ಡಮ್ಮ ಎಂಬ ಮಾತಿನಲ್ಲಿ ಅಮ್ಮ ಇದ್ದಾಳಲ್ಲ, ಹಾಗೆ. ಅನ್ನ, ಕಡಲೆಬೀಜದ ಸಾರು ಬಡಿಸಿದಳು. ವಿಷಯ ತೆಗೆದ ಕೂಡಲೇ ಅವಳ ದನಿ ಗಟ್ಟಿಯಾಯಿತು.

"ನಾನು ಹುಟ್ಟಿದ್ದು ಮೇರಿಲ್ಯಾಂಡಿನಲ್ಲಿ. ಆ ಊರನ್ನೇ ನೋಡಿಲ್ಲ. ನಿಮ್ಮ ಮಕ್ಕಳನ್ನ ಕೂರಿಸಿಕೊಳ್ಳಿ."

ದೊಡ್ಡಮ್ಮ ವಾದ ಮಾಡಲಿಲ್ಲ. ನನ್ನ ಕಡೆ ತಿರುಗಿ, "ನಿಮ್ಮನೆ ಕಥೆ ಹೇಳು," ಎಂದರು. ನಾನು ನಮ್ಮ ಮನೆಯ ಬಗ್ಗೆ ಹೇಳಿದೆ. ಅಪ್ಪ ತನ್ನ ಅಕ್ಕತಂಗಿಯರ ಮನೆಯ ಉಸ್ತುವಾರಿಗೆ ಹೋಗಿಬರುತ್ತಿದ್ದದ್ದು, ಮಾವನಿಗೆ ಹೆದರುತ್ತಿದ್ದಷ್ಟು ನಾವು ಅಪ್ಪನಿಗೆ ಹೆದರದೇ ಇದ್ದದ್ದು. ಅವಳು ಕುತೂಹಲದಿಂದ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳಿದಳು: "ನಿಮಗೆ ಅದು ಬೇಕಿತ್ತಾ?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. "ಬೇಕಾ ಬೇಡವಾ ಅಂತ ಯೋಚಿಸೋ ಮೊದಲೇ ನನ್ನದಾಗಿತ್ತು," ಎಂದೆ. ಅವಳು ಬರುತ್ತೇನೆ ಎನ್ನಲಿಲ್ಲ. ನಾವು ಹೊರಡುವಾಗ ಕಾರಿನ ತನಕ ಬಂದು, ಆ ದಿನ ಏನು ಉಡಬೇಕು ಎಂದು ಮಾತ್ರ ಕೇಳಿದಳು.

ಸಮಾರಂಭಕ್ಕೆ ಒಂದೆರಡು ದಿನ ಮೊದಲು ರಾಣಿತಾಯಿ ಲ್ಯಾಬಿಗೆ ಹೊಸ ತಲೆಯಲ್ಲಿ ಬಂದರು. ಕೂದಲನ್ನು ಗಿಡ್ಡವಾಗಿ ಕತ್ತರಿಸಿ, ಸುತ್ತ ಬೋಳಿಸಿ, ಕಪ್ಪು ಟೋಪಿ ಇಟ್ಟಂತೆ ಮಿರಮಿರ ಕಪ್ಪು ಮಾಡಿಸಿದ್ದರು. ಕೆಲವರು ಕಾಯಿಲೆಯೇನೋ ಎಂದು ಪಿಸುಗುಟ್ಟಿದರು. "ಇದು ರಾಣಿತಾಯಂದಿರ ತಲೆ," ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿ ಗ್ಲೌಸ್ ಹಾಕಿಕೊಂಡರು.

ಬಾಡಿಗೆಯ ಹಾಲ್‌ನಲ್ಲಿ ಡೋಲು ಬಡಿಯುತ್ತಿತ್ತು. ಗಂಡಸರು ಪಟ್ಟಿ ಪಟ್ಟಿಯಾಗಿ ನೇಯ್ದು ಜೋಡಿಸಿದ ಕೆಂಟೆ ಬಟ್ಟೆಯನ್ನು ಬಲಭುಜ ಬಿಟ್ಟು ಹೊದ್ದಿದ್ದರು. ಹಿರಿಯರೊಬ್ಬರು ಪೂರ್ವಿಕರನ್ನು ಕರೆದು ಮದ್ಯ ಎರೆದರು. ನೆಲಕ್ಕೆ ಎರೆಯಬೇಕಾದದ್ದು, ಕಾರ್ಪೆಟ್ ಹಾಳಾಗುತ್ತದೆಂದು ಹಾಲ್‌ನವರು ಒಪ್ಪದ್ದರಿಂದ ಒಂದು ಬೋಗುಣಿಗೆ ಎರೆದರು. ದೊಡ್ಡ ಬಣ್ಣದ ಕೊಡೆಯ ಕೆಳಗೆ ರಾಣಿತಾಯಿ ಬಂದರು. ಪಕ್ಕದಲ್ಲಿ ಕೆಂಟೆ ಉಟ್ಟು, ಆಚೀಚೆ ನೋಡುತ್ತಾ, ಏಪೆಕ್ಸ್‌ನ ಹುಡುಗಿ.

ಬಲದಿಂದ ಎಡಕ್ಕೆ ಸಾಗಿ ಎಲ್ಲರ ಕೈಕುಲುಕುವುದು ಅಲ್ಲಿನ ಕ್ರಮ. ನನ್ನ ಸರದಿ ಬಂದಾಗ ನಾನು ಲ್ಯಾಬಿನಲ್ಲಿ ಮಾತಾಡುವಂತೆಯೇ "ಕಂಗ್ರಾಟ್ಸ್, ತುಂಬಾ ಚೆನ್ನಾಗಿ ಕಾಣ್ತಿದ್ದೀರಿ," ಎಂದೆ. ಅವರು ತುಟಿ ಬಿಚ್ಚಲಿಲ್ಲ. ಪಕ್ಕದಲ್ಲಿ ಚಿನ್ನದ ಬಣ್ಣದ ಹಿಡಿಯ ಕೋಲು ಹಿಡಿದು ನಿಂತಿದ್ದವರು ನನ್ನ ಮಾತನ್ನು ಅವರ ಭಾಷೆಯಲ್ಲಿ ಅವರಿಗೆ ಹೇಳಿದರು. ಬಳಿಕ ನನ್ನತ್ತ ತಿರುಗಿ, "ರಾಣಿತಾಯಿಗೆ ಸಂತೋಷವಾಗಿದೆ," ಎಂದರು. ಅಲ್ಲಿ ರಾಣಿತಾಯಿಯ ಮಾತು ಇನ್ನೊಬ್ಬರ ಬಾಯಿಂದಲೇ ಬರಬೇಕು. ಹುಡುಗಿ ನಗು ತಡೆಯಲಾರದೆ ತಲೆ ತಗ್ಗಿಸಿದಳು.

ಮುಂದೆ ಅವಳಿಗೆ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ನನಗೆ ಫೋನ್ ಮಾಡಿದಳು. "ಆಂಟಿ, ನಿಮ್ಮಲ್ಲಿ ಒಂದು ಮನೇಲಿ ಹೆಣ್ಣುಮಕ್ಕಳೇ ಹುಟ್ಟದಿದ್ರೆ ಏನ್ ಮಾಡ್ತಿದ್ರು?" ನನಗೆ ಸರಿಯಾಗಿ ಗೊತ್ತಿರಲಿಲ್ಲ. ಊರಿಗೆ ಫೋನ್ ಹಚ್ಚಿ ತುಳುವಿನಲ್ಲಿ ಅಮ್ಮನನ್ನು ಕೇಳಿದೆ. ಹೆಣ್ಣುಮಗುವನ್ನೇ ದತ್ತು ತೆಗೆದುಕೊಂಡು ಮನೆ ನಡೆಸುತ್ತಿದ್ದರು ಎಂದರು ಅಮ್ಮ. ಹುಡುಗಿಗೆ ತಿಳಿಸಿದೆ.

"ಹಾಗಾದ್ರೆ ಹುಟ್ಟಿದ್ದೊಂದೇ ಅಲ್ಲ, ಆರಿಸಿಕೊಂಡದ್ದೂ ನಡೆಯುತ್ತೆ," ಎಂದಳು.

ಅದೇ ಬೇಸಿಗೆಯಲ್ಲಿ ಅವಳು ರಜೆ ಹಾಕಿ ಅಸಾಂಟೆಯ ರಾಜಧಾನಿ ಕುಮಾಸಿಗೆ ಹೋಗಿ ಅಜ್ಜಿಯ ಮನೆ ನೋಡಿಬಂದಳು. ಅಟ್ಲಾಂಟಾದ ಅಸಾಂಟೆ ಹೆಂಗಸರ ಕೂಟಕ್ಕೆ ಪ್ರತಿ ಭಾನುವಾರ ಹೋಗುತ್ತಾಳೆ, ಭಾಷೆ ಕಲಿಯುತ್ತಿದ್ದಾಳೆ ಎಂದು ರಾಣಿತಾಯಿ ಲ್ಯಾಬಿನಲ್ಲಿ ಹೇಳುತ್ತಿದ್ದರು. ತಪ್ಪು ತಪ್ಪಾಗಿ ಮಾತಾಡುತ್ತಾಳಂತೆ, ಆದರೆ ನಿಲ್ಲಿಸುವುದಿಲ್ಲವಂತೆ.