ಮೊಳೆಗೆ ತೂಗಿದ ತಂತಿ

ಗುನ್ಸಾನ್ ಬಂದರಿನ ಪೇಟೆ ಓಣಿಯಲ್ಲಿ ಟೀವಿ ರಿಪೇರಿ ಮಾಡುತ್ತಿದ್ದ ಓ ಮನ್‌ಸಿಕ್ ಆ ಬೆಳಿಗ್ಗೆ ಎಂದಿನ ಹಾಗೆ ಎದ್ದ, ಮೊಳಕೆಕಾಳಿನ ಸಾರು ಕುಡಿದ, ಉಪ್ಪು ಜಾಸ್ತಿ ಅಂದ. ಹೆಂಡತಿ ಪಿಲ್‌ಸುನ್ ಬಟ್ಟಲು ಎತ್ತಿಕೊಂಡು ಹೋದಳು. ಮೂವತ್ತು ವರ್ಷದಿಂದಲೂ ಉಪ್ಪು ಜಾಸ್ತಿಯೇ.

ಒಣಮೀನು ಮಾರುವ ಮಾಲ್ಜಾ ತನ್ನ ಹಳೇ ಟೀವಿಯನ್ನು ಮೀನಿನ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದಳು. ಹಾಕಿದರೆ ಚಿತ್ರವಿಲ್ಲ. ಪರದೆಯ ನಡುವೆ ಅಡ್ಡಕ್ಕೆ ಒಂದೇ ಒಂದು ಬಿಳಿ ಗೆರೆ.

"ನಿನ್ನ ಗಂಡನ ಥರಾನೇ ಕಣಮ್ಮ, ಅಡ್ಡ ಬಿದ್ದುಬಿಟ್ಟಿದೆ," ಅಂದ ಮನ್‌ಸಿಕ್.

"ಇದನ್ನಾದ್ರೂ ಎಬ್ಬಿಸಿ ಕೊಡಿ ಯಜಮಾನ್ರೇ. ಅವನ ಆಸೆ ಬಿಟ್ಟಾಯ್ತು."

ಹಿಂದಿನ ಮುಚ್ಚಳ ಬಿಚ್ಚಿ, ಒಳಗೆ ಮರದ ಕಡ್ಡಿಯಿಂದ ಅಲ್ಲಲ್ಲಿ ತಟ್ಟಿದ. ಒಂದು ಕಡೆ ತಟ್ಟಿದಾಗ ಗೆರೆ ಅಗಲವಾಗಿ ಚಿತ್ರವಾಯಿತು, ಮತ್ತೆ ಮುದುಡಿತು. ಅಲ್ಲೇ ಬೆಸುಗೆ ಬಿರಿದಿದೆ, ಸಂಜೆಗೆ ಬಾ ಎಂದು ಕಳಿಸಿದ.

ಆರಿಸಿದ ಮೇಲೂ ಟೀವಿಯ ಚಿತ್ರ ಮೂಡಿಸುವ ದೊಡ್ಡ ಗಾಜಿನ ಬುರುಡೆ ಕರೆಂಟು ಹಿಡಿದುಕೊಂಡಿರುತ್ತದೆ. ತಂತಿ ಕಟ್ಟಿದ ಸ್ಕ್ರೂಡ್ರೈವರ್ ತಾಗಿಸಿ ಇಳಿಸಬೇಕು. ಇಳಿಸಿದರೂ ಸ್ವಲ್ಪ ಹೊತ್ತಿಗೆ ತಾನಾಗಿ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೇ ಅವನು ಬಿಡುವು ಕೊಟ್ಟು ಎರಡು ಸಲ ಇಳಿಸುತ್ತಿದ್ದ. ಅಂದು ಮೊದಲ ಸಲ ಇಳಿಸಿದಾಗ ಚಟ್ ಎಂದಿತ್ತು, ಎರಡನೆಯದು ಬಾಕಿಯಿತ್ತು.

"ಏನೂಂದ್ರೆ, ಶಾವಿಗೆ ಊದಿಕೊಳ್ತಿದೆ. ಆಮೇಲೆ ಅಂಟು ಅಂತ ನನ್ನೇ ಬೈತೀರ," ಎಂದು ಪಿಲ್‌ಸುನ್ ಒಳಗಿನಿಂದ ಕೂಗಿದಳು.

ಅವನು ಉಣ್ಣುವಷ್ಟರಲ್ಲಿ ಅವಳು ಅಂಗಡಿ ಗುಡಿಸಿದಳು. ಮೇಜು ಒರೆಸಲು ಆ ಸ್ಕ್ರೂಡ್ರೈವರಿನ ತಂತಿ ಅಡ್ಡ ಬಂತು. ತೆಗೆದು ಗೋಡೆಯ ಮೊಳೆಗೆ ತೂಗಿಹಾಕಿದಳು. ಅದರ ಜಾಗ ಅದೇ ತಾನೇ.

ಮನ್‌ಸಿಕ್ ಬಾಯಿ ಒರೆಸಿಕೊಂಡು ಬಂದ. ಮೊಳೆಯ ಕಡೆ ಒಮ್ಮೆ ನೋಡಿದ. ಟೀವಿಯೊಳಗೆ ಕೈ ಹಾಕಿದ. ಕರೆಂಟು ಅವನನ್ನು ಕೊಲ್ಲಲಿಲ್ಲ, ಹಿಂದಕ್ಕೆ ಎಸೆಯಿತು. ಕೊಂದದ್ದು ಕಬ್ಬಿಣದ ಕಪಾಟಿನ ಮೂಲೆ.

ಸಾವಿನ ಮನೆಯ ಊಟಕ್ಕೆ ಓಣಿಯೆಲ್ಲ ಬಂತು. ನನ್ನ ಟೀವಿಯೇ ಅವರನ್ನು ತಿಂದಿತು ಎಂದು ಮಾಲ್ಜಾ ಅತ್ತಳು. ಪಿಲ್‌ಸುನ್ ಅವಳನ್ನು ಸಮಾಧಾನ ಮಾಡಲಿಲ್ಲ. ಆಗ ರೇಡಿಯೋ ರಿಪೇರಿ ಮಾಡುವ ಕೂ ಎಂಬ ಮುದುಕ ಸಾರಿನ ಬಟ್ಟಲು ಮುಂದೆ ಇಟ್ಟುಕೊಂಡು ಹೇಳಿದ:

"ಒಂದು ಸಲ ಇಳಿಸಿದ್ರೆ ತಂತಿ ಮೇಜಿನ ಮೇಲೆ, ಎರಡೂ ಸಲ ಆದ್ರೆ ಮೊಳೆಗೆ. ನಮಗೆಲ್ಲ ಕಲಿಸಿದವನೇ ಅವನು. ಒಂದೇ ಸಲಕ್ಕೆ ತೂಗಿಹಾಕಿದ್ದಾನೆ ನೋಡಿ. ಮರೆವು ಬಂದಿತ್ತು ಪಾಪ."

ಪಿಲ್‌ಸುನ್ ಸೌಟು ಹಿಡಿದು ನಿಂತಿದ್ದಳು. ಒಂದು ಮಾತಿಗೆ ಗಂಡನ ಹೆಸರು ಉಳಿಯುತ್ತಿತ್ತು. ಇನ್ನೂ ಸ್ವಲ್ಪ ಸಾರು ಹಾಕಲಾ ಎಂದು ಕೇಳಿದಳು.

ಈಗ ಓಣಿಯಲ್ಲಿ ಯಾರು ಏನು ಮರೆತರೂ, ಮನ್‌ಸಿಕ್ ಆಗಬೇಡ ಅನ್ನುತ್ತಾರೆ. ಅವಳೂ ಕೇಳಿಸಿಕೊಳ್ಳುತ್ತಾಳೆ.

ಮೊಳೆಯನ್ನು ಅವಳು ಕಿತ್ತು ಹಾಕಿದ್ದಾಳೆ. ಬೆಳಿಗ್ಗೆ ಎದ್ದು ಅಂಗಡಿಯ ಬಾಗಿಲು ತೆಗೆದು ಮೇಜು ಒರೆಸುತ್ತಾಳೆ. ತಂತಿ ಎತ್ತಿ, ಅದರ ಅಡಿಯ ಧೂಳು ಒರೆಸಿ, ಅವನು ಬಿಟ್ಟಿದ್ದಲ್ಲೇ ಮತ್ತೆ ಇಡುತ್ತಾಳೆ.