ಬೋಳುಗುಡ್ಡದ ಮೇಲೆ ಎರಡು ರಾತ್ರಿ

ಇಬ್ಬನಿಗೆ ನೆನೆದ ತಾಡಪತ್ರಿಗೆ ಅದರದೇ ಒಂದು ವಾಸನೆಯಿರುತ್ತದೆ. ಡೀಸೆಲ್ಲು, ಕೆಮ್ಮಣ್ಣು, ಹಳೆಯ ಹಗ್ಗ, ಎಂದೋ ಹೇರಿದ್ದ ಶುಂಠಿ ಮೂಟೆಗಳ ಘಾಟು ಎಲ್ಲ ಬೆರೆತು, ಬಿಸಿಲೇರುವ ಮೊದಲು ಮಾತ್ರ ಮೂಗಿಗೆ ಸಿಗುವ ವಾಸನೆ ಅದು. ಮೊನ್ನೆ ಇಸಳೂರಿನಲ್ಲಿ ಬೆಳಗಿನ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ರಸ್ತೆಬದಿಯಲ್ಲಿ ರಾತ್ರಿ ತಂಗಿದ್ದ ಲಾರಿಯ ಕ್ಲೀನರ್ ತಾಡಪತ್ರಿ ಬಿಚ್ಚಿ ಕೊಡವಿದ. ನೀರು ನನ್ನ ಸೀರೆಗೆ ಸಿಡಿಯಿತು. ಅವನು ತಪ್ಪಾಯಿತೆಂದು ಕೈಮುಗಿದ. ನಾನೋ, ಇನ್ನೊಮ್ಮೆ ಕೊಡವಲಿ ಎಂದು ಅಲ್ಲೇ ನಿಂತಿದ್ದೆ. ಬಸ್ಸು ಬಂದು ಹೋಯಿತು. ಯಲ್ಲಾಪುರದ ಒಂದು ಚಾಳು, ಅಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳು ಕಣ್ಣಮುಂದೆ ಬಂದುಬಿಟ್ಟಿದ್ದವು. ನಿಮಗೂ ಯಾವುದೋ ಒಂದು ವಾಸನೆಯ ಹಿಂದೆ ಇಂಥದೊಂದು ಮನೆ ಇದ್ದೀತು. ಈಗ ಹುಡುಕಿಕೊಂಡು ಹೋದರೆ ತಟ್ಟಲು ಬಾಗಿಲೂ ಉಳಿದಿರದ ಮನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ನಂದೊಳ್ಳಿಯಲ್ಲಿ. ಹೈಸ್ಕೂಲಿಗೆಂದು ನನ್ನನ್ನು ಯಲ್ಲಾಪುರದಲ್ಲಿ ಚಿಕ್ಕಿಯ ಹತ್ತಿರ ಬಿಟ್ಟಿದ್ದರು. ಚಿಕ್ಕಿ ಎಂದರೆ ನನ್ನ ಆಯಿಯ, ಅಂದರೆ ಅಮ್ಮನ, ತಂಗಿ. ಮದುವೆಯಾಗಿರಲಿಲ್ಲ. ನಾನು ಓದುತ್ತಿದ್ದ ಹೈಸ್ಕೂಲಿನಲ್ಲೇ ವಿಜ್ಞಾನ ಕಲಿಸುತ್ತಿದ್ದಳು. ಪೇಟೆಯ ಹಿಂದಿನ ಓಣಿಯಲ್ಲಿ ಹೆಂಚು ಹೊದಿಸಿದ ಉದ್ದನೆಯ ಚಾಳಿನ ಒಂದು ತುದಿಯ ಎರಡು ಕೋಣೆ ನಮ್ಮವು. ಅದಕ್ಕಂಟಿದ ಎರಡು ಕೋಣೆ ಹಸನಣ್ಣನವು. ಹಸನಣ್ಣ ಹಳ್ಳಿಗಳಿಗೆ ಜೀಪು ಹೊಡೆಯುತ್ತಿದ್ದ. ಅವನ ಹೆಂಡತಿ ಜೈನಬಿ. ಮಗಳು ರೇಷ್ಮಾ ನನ್ನ ತರಗತಿಯವಳು. ನಡುವಿನ ಗೋಡೆ ಹೆಂಚಿನ ಮಾಡಿನವರೆಗೆ ಮುಟ್ಟುತ್ತಿರಲಿಲ್ಲವಾದ್ದರಿಂದ ಅವರ ಮನೆಯ ಈರುಳ್ಳಿ ಹುರಿದ ವಾಸನೆ ನಮ್ಮ ಕಡೆಗೂ ನಮ್ಮ ಇಂಗಿನ ಒಗ್ಗರಣೆ ಅವರ ಕಡೆಗೂ ದಾಟುತ್ತಿದ್ದವು. ರೇಷ್ಮಾ ಅತ್ತ ಪಾಠ ಬಾಯಿಪಾಠ ಮಾಡುವಾಗ ತಪ್ಪಿದರೆ ಚಿಕ್ಕಿ ಇತ್ತಲಿಂದಲೇ ತಿದ್ದುತ್ತಿದ್ದಳು. ಹಿತ್ತಿಲಲ್ಲಿ ಎಲ್ಲರಿಗೂ ಒಂದೇ ಬಾವಿ. ಬೆಳಗಾದರೆ ರಾಟೆಯ ಕಿರುಗುಟ್ಟುವಿಕೆ, ಜೀಪು ಸ್ಟಾರ್ಟಾಗದೆ ಕೆಮ್ಮುವ ಸದ್ದು, ಜೈನಬಿಯ ಗೊಣಗಾಟ. ಆ ಸದ್ದುಗಳಿಲ್ಲದೆ ನನಗೆ ಇವತ್ತಿಗೂ ಬೆಳಗು ಪೂರ್ತಿ ಆಗುವುದಿಲ್ಲ.

ಚಿಕ್ಕಿಗೆ ಪೇಟೆಯಲ್ಲಿ ಸೊಕ್ಕಿನವಳೆಂಬ ಹೆಸರಿತ್ತು. ಸಂಜೆ ಎದುರು ಸಿಕ್ಕವರನ್ನು ಮಾತಾಡಿಸುವುದಿಲ್ಲ, ನೋಡಿಯೂ ನೋಡದ ಹಾಗೆ ಹೋಗುತ್ತಾಳೆ ಎನ್ನುತ್ತಿದ್ದರು. ನಿಜ ಏನೆಂದರೆ ಅವಳಿಗೆ ಕಾಣುತ್ತಿರಲಿಲ್ಲ. ಹೊತ್ತು ಮುಳುಗಿದರೆ ಅವಳ ಕಣ್ಣೂ ಮುಳುಗುತ್ತಿತ್ತು. ಅಡುಗೆಯನ್ನು ಬೆಳಕಿದ್ದಾಗಲೇ ಮುಗಿಸುತ್ತಿದ್ದಳು. ಸಂಜೆ ಎಲ್ಲಿಗಾದರೂ ಹೋಗಬೇಕಾದರೆ ನನ್ನ ಹೆಗಲ ಮೇಲೆ ಕೈಯಿಟ್ಟು, ಪಾಠ ಕೇಳುವವಳಂತೆ ಏನಾದರೂ ಪ್ರಶ್ನೆ ಹಾಕುತ್ತ ನಡೆಯುತ್ತಿದ್ದಳು. ನೋಡಿದವರಿಗೆ ಅದು ಪ್ರೀತಿಯೆಂದೇ ಕಾಣುತ್ತಿತ್ತು. ಪ್ರೀತಿಯೂ ಹೌದು. ಹುಬ್ಬಳ್ಳಿಯ ಡಾಕ್ಟರು, ಇದು ಮೊದಲು ಇರುಳುಗುರುಡಾಗಿ ಬರುತ್ತದೆ, ಆಮೇಲೆ ಹಗಲಿನ ನೋಟವೂ ಅಂಚಿನಿಂದ ಕಿರಿದಾಗುತ್ತ ಹೋಗುತ್ತದೆ, ಮದ್ದಿಲ್ಲ ಎಂದು ಹೇಳಿ ಕಳಿಸಿದ್ದರಂತೆ. ಆ ಸುದ್ದಿ ಗಂಡಿನ ಕಡೆಯವರ ಕಿವಿಗೆ ಬಿದ್ದು ಒಂದು ಸಂಬಂಧ ತಪ್ಪಿತ್ತು. ಮತ್ತೊಂದನ್ನು ನೋಡಲು ಅವಳೇ ಬಿಡಲಿಲ್ಲ. ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ನಾವು ಮನೆಯವರು ಮತ್ತು ಗೋಡೆಯಾಚೆಯ ಜೈನಬಿ. ಜೈನಬಿಗೆ ಯಾರೂ ಹೇಳಿದ್ದಲ್ಲ. ಬಾವಿಕಟ್ಟೆಯಲ್ಲಿ ಚಿಕ್ಕಿ ಕೊಡಕ್ಕಾಗಿ ತಡಕಾಡಿದ್ದನ್ನು ನೋಡಿ ಅವಳೇ ತಿಳಿದುಕೊಂಡಿದ್ದಳು. ಆವತ್ತಿನಿಂದ ಚಿಕ್ಕಿಯ ಕೊಡ ಸಂಜೆಗೆ ಮೊದಲೇ ತುಂಬಿ ಬಾಗಿಲಲ್ಲಿರುತ್ತಿತ್ತು.

ದೀಪಾವಳಿ ಕಳೆದ ಮೇಲೆ ರೇಡಿಯೋದಲ್ಲಿ ಸುದ್ದಿ ಬಂತು. ಈ ಸಲ ಉಲ್ಕೆಗಳು ಮಳೆಯಂತೆ ಸುರಿಯಲಿವೆ, ಬೆಳಗಿನ ಜಾವ ಎತ್ತರದ ಕತ್ತಲ ಜಾಗದಿಂದ ಚೆನ್ನಾಗಿ ಕಾಣುತ್ತವೆ. ಶಾಲೆಯವರು ಶನಿವಾರ ರಾತ್ರಿ ಗುಡ್ಡವೊಂದಕ್ಕೆ ಹೋಗುವುದೆಂದು ಗೊತ್ತುಮಾಡಿದರು. ಹುಡುಗರು ಮಾತ್ರ. ಹೆಣ್ಣುಮಕ್ಕಳ ಜವಾಬ್ದಾರಿ ಯಾರು ಹೊರುತ್ತಾರೆ ಎಂದು ಹೆಡ್‌ಮಾಸ್ತರರು ಕೇಳಿದರಂತೆ. ನಾನು ಹೊರುತ್ತೇನೆ ಎಂದು ಚಿಕ್ಕಿ ಹೇಳಿದಳಂತೆ. ಅವರು ನಕ್ಕು ಬೇರೆ ಮಾತೆತ್ತಿದರಂತೆ. ಆ ದಿನ ಮನೆಗೆ ಬಂದವಳು ಚಪ್ಪಲಿ ಬಿಡದೆಯೇ ಹಸನಣ್ಣನ ಬಾಗಿಲಿಗೆ ಹೋಗಿ ಶನಿವಾರ ಜೀಪು ಬೇಕು ಎಂದಳು. ಮರುದಿನದಿಂದ ಹುಡುಗಿಯರ ಮನೆಗಳಿಗೆ ಅವಳೇ ಹೋಗಿ ಕೇಳಿದಳು. ಕೆಲವರು ಆಗದೆಂದರು. ನಾಲ್ಕೈದು ಮನೆಯವರು, ಅಕ್ಕೋರ ಜೊತೆಗಾದರೆ ಹೋಗಲಿ ಎಂದು ಒಪ್ಪಿದರು. ನಮ್ಮ ಕಡೆ ಹೆಂಗಸು ಮಾಸ್ತರಿಕೆ ಮಾಡಿದರೆ ಅಕ್ಕೋರು. ಆ ಹೆಸರಿಗಿದ್ದ ತೂಕ ಈಗ ಹೇಳಿದರೆ ತಿಳಿಯಲಿಕ್ಕಿಲ್ಲ.

ಹೊರಡುವ ಹಿಂದಿನ ದಿನ ಮತ್ತಿಘಟ್ಟದಿಂದ ಮಾವ ಬಂದ. ಚಿಕ್ಕಿಯ ಅಣ್ಣ. ಅವನಿಗೆ ಸುದ್ದಿ ಹೇಗೆ ಮುಟ್ಟಿತೋ ತಿಳಿಯದು. ಕೂತು ನೀರು ಕುಡಿದವನೇ, ಈ ಹುಚ್ಚು ಬಿಡು, ನೌಕರಿಯನ್ನೂ ಬಿಟ್ಟು ಮನೆಗೆ ಬಾ, ಒಂದು ಮೂಲೆಯಲ್ಲಿ ನೆಮ್ಮದಿಯಿಂದಿರು ಎಂದ. ಬೀಳುವ ನಕ್ಷತ್ರ ನೋಡುವುದು ಒಳ್ಳೆಯದಲ್ಲ ಎಂದೂ ಹೇಳಿದ. ಚಿಕ್ಕಿ ಅವಲಕ್ಕಿ ಕೇರುತ್ತಲೇ ಇದ್ದಳು. ಕೊನೆಗೆ ಅವನು ಆಡಬಾರದ ಮಾತನ್ನು ಆಡಿಯೇಬಿಟ್ಟ.

"ನಿಂಗೇ ಕಾಣ್ತಿಲ್ಲೆ. ಊರ ಕೂಸುಗಳಿಗೆ ಎಂತ ತೋರಿಸ್ತೆ?"

ಮೊರದ ಸದ್ದು ನಿಂತಿತು. ಗೋಡೆಯಾಚೆ ಜೈನಬಿಯ ಪಾತ್ರೆಯ ಸದ್ದೂ ನಿಂತಿತು.

"ಎಂಗೆ ಕಾಣ್ತಿಲ್ಲೆ ಅಂದ್ರೆ ಆಕಾಶವೇ ಇಲ್ಲೆ ಹೇಳಿ ಅಲ್ಲ, ಅಣ್ಣ," ಎಂದಳು ಚಿಕ್ಕಿ. "ಈ ಕೂಸುಗಳಿಗೆ ಕಣ್ಣಿದ್ದು. ದಾರಿ ಎಂಗೆ ಗೊತ್ತಿದ್ದು."

ಕಣ್ಣು ಮಕ್ಕಳದು, ದಾರಿ ತನ್ನದು ಎಂದವಳೆದುರು ಮಾವ ಊಟಕ್ಕೆ ನಿಲ್ಲದೆ ಸಂಜೆಯ ಬಸ್ಸು ಹತ್ತಿದ. ಸ್ವಲ್ಪ ಹೊತ್ತಿಗೆ ಜೈನಬಿ ಬಾಗಿಲಲ್ಲಿ ನಿಂತು, ತಾನೂ ಬರುವುದಾಗಿ ತಿಳಿಸಿದಳು. ಕೇಳಿದ್ದಲ್ಲ, ತಿಳಿಸಿದ್ದು.

ನಾವು ಹೋದದ್ದು ನಂದೊಳ್ಳಿಯಿಂದ ಮುಂದೆ ಸಿಗುವ ಬೋಳುಗುಡ್ಡಕ್ಕೆ. ಬುಡದಲ್ಲಿ ದಟ್ಟ ಕಾಡು, ನೆತ್ತಿಯ ಮೇಲೆ ಬರೀ ಹುಲ್ಲು ಮತ್ತು ಕರೀ ಬಂಡೆ. ಚಿಕ್ಕಿ ಹುಡುಗಿಯಾಗಿದ್ದಾಗ ಅಕ್ಕನ ಮನೆಗೆ ಬಂದರೆ ನೆಲ್ಲಿಕಾಯಿಗೆಂದು ನಮ್ಮ ಆಯಿಯ ಜೊತೆ ಅಲ್ಲಿ ಅಲೆದಿದ್ದಳಂತೆ. ಜೀಪು ಹೋಗುವಷ್ಟು ಹೋಗಿ, ಉಳಿದದ್ದನ್ನು ಬಿಸಿಲಿರುವಾಗಲೇ ಹತ್ತಿದೆವು. ಚಿಕ್ಕಿ ಎಲ್ಲರಿಗಿಂತ ಮುಂದೆ, ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು, ಎಲ್ಲಿ ಕಲ್ಲು ಜಾರುತ್ತದೆ ಎಂದು ಹೇಳುತ್ತ. ಹಸನಣ್ಣ ತಾಡಪತ್ರಿ ಹೊತ್ತು ತಂದು ಬಂಡೆಯ ಮರೆಯಲ್ಲಿ ಹಾಸಿದ. ಅವಲಕ್ಕಿ ತಿಂದೆವು, ಜೈನಬಿಯ ಅಕ್ಕಿರೊಟ್ಟಿಗಳನ್ನೂ ತಿಂದೆವು. ಯಾರು ಯಾರ ಕೈಯದು ತಿಂದರೆಂದು ಆ ಎತ್ತರದಲ್ಲಿ ನೋಡುವವರಿರಲಿಲ್ಲ. ಕತ್ತಲಾಯಿತು. ಅದರ ಹಿಂದೆಯೇ ಕಣಿವೆಯಿಂದ ಮಂಜು ಎದ್ದು ಬಂತು. ಪಕ್ಕದಲ್ಲಿ ಮಲಗಿದ ರೇಷ್ಮಾಳ ಮುಖ ಕೂಡ ಕಾಣದಷ್ಟು ಮಂಜು. ಇಡೀ ರಾತ್ರಿ ಒಂದು ಚುಕ್ಕಿಯೂ ಕಾಣಲಿಲ್ಲ. ನಮಗೆಲ್ಲ ಆ ಒಂದು ರಾತ್ರಿಯ ಮಟ್ಟಿಗೆ ಚಿಕ್ಕಿಯ ಕಣ್ಣೇ ಬಂದಿತ್ತು.

ಬೆಳಗ್ಗೆ ಹಸನಣ್ಣ ಕೆಳಗಿಳಿದು ಸುದ್ದಿ ತಂದ. ಹುಡುಗರ ತಂಡಕ್ಕೂ ಮಂಜು ಬಿಟ್ಟರೆ ಬೇರೇನೂ ಕಂಡಿರಲಿಲ್ಲ. ಅವರು ಆಗಲೇ ಮನೆ ಸೇರಿದ್ದರು. ನಾವೂ ತಾಡಪತ್ರಿ ಮಡಚತೊಡಗಿದೆವು. ಒದ್ದೆ ಕಾಲು, ನಿದ್ದೆಗೆಟ್ಟ ಕಣ್ಣು, ಒಬ್ಬಳಿಗೆ ಅಳುವೇ ಬಂದಿತ್ತು. ಚಿಕ್ಕಿ ಬಂಡೆಯ ಮೇಲೆ ಕೂತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕೆನ್ನೆ ತಿರುಗಿಸಿ ನೋಡುತ್ತಿದ್ದಳು. ಆಮೇಲೆ, ಇವತ್ತೂ ಇಲ್ಲೇ ಇರೋಣ ಎಂದಳು. ನಾಳೆ ಶಾಲೆಯಿದೆ ಎಂದು ಯಾರೋ ನೆನಪಿಸಿದರು. ಶಾಲೆಗೆ ಇಲ್ಲಿಂದಲೇ ಹೋದರಾಯಿತು ಎಂದಳು. ಹಸನಣ್ಣ ಜೀಪು ತೆಗೆದುಕೊಂಡು ಹೋಗಿ, ಒಂದೊಂದೇ ಮನೆಗೆ ಸುದ್ದಿ ಮುಟ್ಟಿಸಿ, ನಮ್ಮ ಆಯಿ ಕೊಟ್ಟ ಊಟದ ಜೊತೆ ಸಂಜೆಗೆ ಹಿಂತಿರುಗಿದ. ಇಬ್ಬರು ಅಪ್ಪಂದಿರು ಕೂಗಾಡಿದ್ದನ್ನು ಅವನು ನಮಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ.

ಎರಡನೆಯ ರಾತ್ರಿ ಗಾಳಿ ತಿರುಗಿತು. ಕೋಳಿ ಕೂಗುವ ಹೊತ್ತು ಹತ್ತಿರವಾದಾಗ ರೇಷ್ಮಾ ನನ್ನನ್ನು ಅಲುಗಿಸಿ ಎಬ್ಬಿಸಿದಳು. ಕಣ್ಣು ಬಿಟ್ಟರೆ ಮೈಮೇಲೆ ಕವಿದಷ್ಟು ಹತ್ತಿರದಲ್ಲಿ ನಕ್ಷತ್ರಗಳು. ಅವುಗಳ ನಡುವಿನಿಂದ ಒಂದು ಕಿತ್ತು ಓಡಿತು. ಮತ್ತೊಂದು. ಪೂರ್ವದಿಂದ ಹೊರಟು ತಲೆಯ ಮೇಲೆ ಹಾದು ಕಾಳಿ ನದಿಯ ಕಡೆಯ ಕಾಡಿನಾಚೆ ಹೋಗುತ್ತಿದ್ದವು. ಕೆಲವು ಬೆಂಕಿಕಡ್ಡಿ ಗೀರಿದಂತೆ, ಕೆಲವು ಹಸಿರು, ಕೆಲವು ಹಿಂದೆ ಹೊಗೆಯ ಗೆರೆ ಬಿಡುತ್ತ. ಹುಡುಗಿಯರು ಅಲ್ಲಿ, ಇಲ್ಲಿ ಎಂದು ಕೈ ತೋರಿಸುತ್ತಿದ್ದರು. ಚಿಕ್ಕಿ ಪ್ರತಿ ಸಲ ಆ ಕಡೆ ಮುಖ ತಿರುಗಿಸುತ್ತಿದ್ದಳು. ಅಷ್ಟರಲ್ಲಿ ಅದು ಹೋಗಿಬಿಟ್ಟಿರುತ್ತಿತ್ತು. ನಾನು ಅವಳ ಗಲ್ಲ ಹಿಡಿದು ತಿರುಗಿಸಿದೆ. ಆಗಲೂ ತಡವೇ. ಕೊನೆಗೆ ಅವಳು ನನ್ನ ಕೈ ಸರಿಸಿ, ಬೆನ್ನಟ್ಟಿದರೆ ಸಿಗುವುದಿಲ್ಲ, ಒಂದೇ ಕಡೆ ನೋಡುತ್ತೇನೆ, ಬರುವುದಿದ್ದರೆ ಅಲ್ಲಿಗೇ ಬರಲಿ ಎಂದಳು. ಜೈನಬಿ ಬಂಡೆಗೊರಗಿ ಕಾಲು ಚಾಚಿದಳು.

"ತಲೆ ಇಲ್ಲಿ ಇಡ್ರಿ ಅಕ್ಕೋರೆ. ಕತ್ತು ನೋಯಂಗಿಲ್ಲ."

ಚಿಕ್ಕಿ ಅವಳ ತೊಡೆಯ ಮೇಲೆ ತಲೆಯಿಟ್ಟು ನೆತ್ತಿಯ ಆಕಾಶವನ್ನೇ ನೋಡುತ್ತ ಮಲಗಿದಳು. ರೆಪ್ಪೆ ಕೂಡ ಬಡಿಯುತ್ತಿದ್ದಳೋ ಇಲ್ಲವೋ. ಎಷ್ಟು ಹೊತ್ತಾಯಿತು ಎಂದು ನನಗೆ ತಿಳಿಯದು. ಹುಡುಗಿಯರ ಕೂಗು ತಾನಾಗಿ ನಿಂತಿತು. ಎಲ್ಲರೂ ಬೀಳುವ ಚುಕ್ಕಿಗಳನ್ನು ಬಿಟ್ಟು, ಅವಳು ನೋಡುತ್ತಿದ್ದ ಅಂಗೈಯಗಲದ ಆಕಾಶವನ್ನೇ ನೋಡತೊಡಗಿದೆವು. ಪಕ್ಕದಲ್ಲೇ ಎಷ್ಟೋ ಹಾದುಹೋದವು. ಪೂರ್ವ ಬೆಳ್ಳಗಾಗುವ ಸುಳಿವು ಕಂಡಾಗ ನಾನು ಒಳಗೊಳಗೇ ಸೋತಿದ್ದೆ. ಆಗ ಅದು ಬಂತು. ಮೊದಲು ನೆಲ ಕಂಡಿತು, ಹುಲ್ಲು ಕಂಡಿತು, ನಮ್ಮ ನೆರಳುಗಳು ಬಂಡೆಯ ಮೇಲೆ ಓಡಿದವು. ಮೇಲೆ ನೋಡಿದರೆ ಹಸಿರು ಬೆಂಕಿಯ ಒಂದು ಉಂಡೆ ನೆತ್ತಿಯನ್ನು ಸೀಳಿಕೊಂಡು ಹೋಗುತ್ತಿತ್ತು. ಸದ್ದಿಲ್ಲ. ಅದು ಹೋದ ಮೇಲೂ ದಾರಿ ಬೆಳ್ಳಗೆ ಉಳಿದು, ಗಾಳಿಗೆ ಸಿಕ್ಕ ದಾರದಂತೆ ನಿಧಾನವಾಗಿ ಡೊಂಕಾಗುತ್ತಿತ್ತು. ಚಿಕ್ಕಿಯ ತಲೆ ಆ ಗೆರೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಸಾಲು ಓದುವವಳಂತೆ, ತಾನಾಗಿ ತಿರುಗಿತು. ಯಾರೂ ಹಿಡಿದಿರಲಿಲ್ಲ.

"ಕಂಡತು," ಎಂದಳು. ಅಷ್ಟೇ.

ಜೈನಬಿ ಸೆರಗಿನಿಂದ ಮೊದಲು ಅವಳ ಕಣ್ಣೊರೆಸಿ ಆಮೇಲೆ ತನ್ನದನ್ನು ಒರೆಸಿಕೊಂಡಳು.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಜೀಪು ನೇರ ಶಾಲೆಯ ಅಂಗಳಕ್ಕೆ ಹೋಗಿ ನಿಂತಿತು. ನಮ್ಮ ಜಡೆಗಳಲ್ಲಿ ಹುಲ್ಲು. ಅಪ್ಪಂದಿರಿಬ್ಬರು ಆಗಲೇ ಹೆಡ್‌ಮಾಸ್ತರರ ಕೋಣೆಯಲ್ಲಿದ್ದರು. ಚಿಕ್ಕಿಯನ್ನು ಒಳಗೆ ಕರೆದರು. ಬಾಗಿಲು ತೆರೆದೇ ಇತ್ತು, ಕಿಟಕಿಗಳಲ್ಲಿ ಅರ್ಧ ಶಾಲೆ ಇತ್ತು. ಅವರೆಲ್ಲ ಬೈದು ಮುಗಿಸುವ ತನಕ ಅವಳು ನಿಂತು ಕೇಳಿದಳು. ಆಮೇಲೆ ಯಾರೂ ಕೇಳದಿದ್ದದ್ದನ್ನು ತಾನಾಗಿ ಹೇಳಿದಳು. ತನಗೆ ಇರುಳಿನಲ್ಲಿ ಕಣ್ಣು ಕಾಣುವುದಿಲ್ಲ, ಮುಂದೊಂದು ದಿನ ಹಗಲಿನಲ್ಲೂ ಕಾಣಲಿಕ್ಕಿಲ್ಲ, ಇದು ಬೇರೆಯವರ ಬಾಯಿಂದ ನಿಮಗೆ ತಿಳಿಯುವುದು ಬೇಡ. ಈ ಮಕ್ಕಳನ್ನು ಹೋದ ಹಾಗೇ ತಂದು ನಿಲ್ಲಿಸಿದ್ದೇನೆ, ಎಣಿಸಿಕೊಳ್ಳಿ.

"ಪಾಠ ಮಾಡ್ಲಿಕ್ಕೆ ಎಷ್ಟು ಕಣ್ಣು ಬೇಕೋ ಅಷ್ಟು ನನಗಿದೆ. ಇಲ್ಲದ ದಿವಸ ನಾನೇ ಬಂದು ಹೇಳ್ತೇನೆ. ಅಲ್ಲಿವರೆಗೆ ನೀವು ಹೇಳ್ಬೇಡಿ."

ಗಂಟೆ ಹೊಡೆಯಿತು. ಅವಳು ಸೀಮೆಸುಣ್ಣ ತೆಗೆದುಕೊಂಡು ಎಂಟನೆಯ ತರಗತಿಗೆ ಹೋದಳು. ಸೀರೆಯ ಅಂಚಿನಲ್ಲಿ ಗುಡ್ಡದ ಕೆಸರು ಇನ್ನೂ ಹಸಿಯಿತ್ತು. ಕೂಗಾಡಿದ ಅಪ್ಪಂದಿರಲ್ಲೊಬ್ಬ ತನ್ನ ಮಗಳನ್ನು ಮನೆಗೆ ಎಳೆದುಕೊಂಡು ಹೋಗಲು ಬಂದವನು ಒಬ್ಬನೇ ಹಿಂತಿರುಗಿದ.

ಶಾಲೆಯವರು ಹುಡುಗಿಯರನ್ನು ಆಮೇಲೆಯೂ ಎಲ್ಲಿಗೂ ಕರೆದೊಯ್ಯಲಿಲ್ಲ. ಚಿಕ್ಕಿ ಕರೆದೊಯ್ದಳು. ಮುಂದಿನ ವರ್ಷಗಳಲ್ಲಿ ಬೋರ್ಡಿನ ಮೇಲೆ ಅವಳ ಅಕ್ಷರ ದೊಡ್ಡದಾಗುತ್ತ ಹೋಯಿತು, ಆಮೇಲೆ ಬರೆಯುವ ಕೆಲಸ ಹುಡುಗಿಯರದಾಯಿತು. ಹೇಳುತ್ತೇನೆ ಎಂದಿದ್ದ ದಿವಸ ಬಂದಾಗ ತಾನೇ ಹೋಗಿ ಹೇಳಿ ಬಂದಳು. ಚಾಳಿನ ಜಗುಲಿಯಲ್ಲಿ ಕೂತು ಆಮೇಲೂ ಪಾಠ ಹೇಳಿದಳು. ಹಸನಣ್ಣ ತೀರಿಕೊಂಡ. ರೇಷ್ಮಾಳ ಮದುವೆಯಾಗಿ ಜೈನಬಿ ಅವಳ ಜೊತೆ ಹುಬ್ಬಳ್ಳಿಗೆ ಹೋದಳು. ಚಾಳನ್ನು ಕೆಡವುವ ಮೊದಲು ನಾನು ಚಿಕ್ಕಿಯನ್ನು ಇಸಳೂರಿನ ನನ್ನ ಮನೆಗೆ ಕರೆತಂದೆ. ಬಾವಿ ಮುಚ್ಚಿ, ಮೇಲೆ ಕಾಂಕ್ರೀಟು ಹಾಕಿ ಅಂಗಡಿಸಾಲು ಕಟ್ಟಿದ್ದಾರೆ. ಅಲ್ಲಿ ನಿಂತು ಯಾವುದು ನಮ್ಮ ಕೋಣೆಯಿದ್ದ ಜಾಗ ಎಂದು ಕೇಳಿದರೆ ನನಗೇ ತೋರಿಸಲು ಬರುವುದಿಲ್ಲ.

ಚಿಕ್ಕಿ ಹೋಗಿ ಕೆಲವು ವರ್ಷಗಳಾದವು. ಅವಳ ಹನ್ನೆರಡನೆಯ ದಿನದ ಊಟಕ್ಕೆ ಮಾವ ಬಂದಿದ್ದ. ತುಂಬ ಮುದುಕನಾಗಿದ್ದ, ಕೋಲೂರಿ ನಡೆಯುತ್ತಿದ್ದ. ಪಂಕ್ತಿಯಲ್ಲಿ ಪಕ್ಕದವರಿಗೆ ಹೇಳುತ್ತಿದ್ದ, ಕೆಡುಕಿನಿಂದಲ್ಲ, ನಿಜವಾದ ಸಂಕಟದಿಂದಲೇ.

"ಪಾಪ. ಜೀವನದಲ್ಲಿ ಎಂತದೂ ನೋಡ್ದೇ ಹೋತು ತಂಗಿ."

ನಾನು ಪಾಯಸ ಬಡಿಸುತ್ತ ಅವನ ಎಲೆಯೆದುರು ಬಂದಿದ್ದೆ. ಸೌಟು ಪಾತ್ರೆಯಲ್ಲಿಟ್ಟೆ.

"ಇಲ್ಲೆ ಮಾವ," ಎಂದೆ. "ಚಿಕ್ಕಿ ನೋಡಿದ್ದು. ಎನ್ನ ಎದುರಿಗೇ ನೋಡಿದ್ದು."

ಮಾವ ತಲೆಯೆತ್ತಿ ನನ್ನನ್ನು ನೋಡಿದ. ಅವನ ಎಲೆಗೆ ಬಡಿಸಿ, ಪಾತ್ರೆ ಎತ್ತಿಕೊಂಡು ನಾನು ಮುಂದಿನ ಎಲೆಗೆ ಹೋದೆ.